ಬೆಳಗ್ಗೆ ಕಡಲಿಗೆ ಹೋದ್ರೆ ಸಿಗ್ತಿದ್ದ ನೆಮ್ಮದಿ ಈಗ ಸಿಗ್ತಿಲ್ಲ, ನಿಮಗೂ ಹೀಗಾಗಿದೆಯಾ?

ಉಪ್ಪುಗಾಳಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಅವರ ಮೊದಲ ಮಾತ್ರೆ, ಕೊಡೋನು ನಾನೇ. ಅವರು ತೀರಿಕೊಂಡು ಏಳು ತಿಂಗಳಾಯ್ತು. ಅಲಾರಂ ತೆಗೆದುಹಾಕಿದೀನಿ, ಆದರೂ ನಾಲ್ಕೂವರೆ ಅಂದ್ರೆ ಕಣ್ಣು ತಾನಾಗೇ ಬಿಡುತ್ತೆ. ಎದ್ದು ಕೂತರೆ ಮಾಡೋಕೆ ಏನೂ ಇಲ್ಲ. ಮನೆ ಬಿಕೋ ಅನ್ನುತ್ತೆ.

ಒಂದಿನ ತಡೆಯೋಕಾಗದೆ ಚಪ್ಪಲಿ ಮೆಟ್ಟಿಕೊಂಡು ಕಡಲ ಕಡೆ ನಡೆದೆ. ಇನ್ನೂ ಕತ್ತಲು. ಅಲೆ ಕಾಣ್ತಿರಲಿಲ್ಲ, ನೊರೆಯ ಬಿಳಿ ಗೆರೆ ಮಾತ್ರ ಬಂದು ಬಂದು ಅಳಿಸಿಹೋಗ್ತಿತ್ತು. ಬೆಳಕಾಗೋವರೆಗೂ ಮರಳ ಮೇಲೆ ಕೂತಿದ್ದೆ. ವಾಪಸ್ ಬರುವಾಗ ಎದೆ ಮೇಲಿನ ಕಲ್ಲನ್ನ ಯಾರೋ ಎತ್ತಿಟ್ಟ ಹಾಗಾಗಿತ್ತು. ಆಮೇಲೆ ಒಂದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಈಗ ಎರಡು ವಾರದಿಂದ ಏನೂ ಆಗ್ತಿಲ್ಲ. ಅದೇ ಜಾಗ, ಅದೇ ಹೊತ್ತು. ಕೂತಿರ್ತೀನಿ, ತಲೆಯೊಳಗೆ ಕಾಗದಪತ್ರದ ಕೆಲಸ, ಅಣ್ಣನ ಜೊತೆಗಿನ ಮನಸ್ತಾಪ, ಇವೇ ಗಾಣ ತಿರುಗಿದ ಹಾಗೆ ತಿರುಗ್ತಾ ಇರುತ್ತೆ. ನಿಮಗೂ ಹೀಗಾಗಿದೆಯಾ? ಅಲ್ಲಿ ಹೋಗಿ ನೀವು ನಿಜವಾಗಿ ಏನು ಮಾಡ್ತೀರಿ?

ಹೊಸಬ_22
ಆಗಿದೆ ಅಣ್ಣ. ನಾನು ಮೂರನೇ ವಾರಕ್ಕೇ ಬಿಟ್ಟುಬಿಟ್ಟೆ. ಇಲ್ಲಿ ಏನು ಉತ್ತರ ಬರುತ್ತೋ ಅಂತ ಕಾಯ್ತಿದೀನಿ.

ಭರತ_ಇಳಿತ
ಅದೇ ಜಾಗ, ಅದೇ ಹೊತ್ತು ಅಂತೀರಿ. ಕಡಲು ಅದೇ ಇರಲ್ಲ ಸರ್, ಅದನ್ನ ನೋಡ್ತಿದೀರಾ?

ನಾನು ದೋಣಿಯವರ ಮನೆಯಲ್ಲಿ ಹುಟ್ಟಿದವನು, ಗಡಿಯಾರಕ್ಕಿಂತ ಮೊದಲು ಭರತ ಇಳಿತ ಕಲಿತವನು. ಹೆಚ್ಚಿನ ತೀರಗಳಲ್ಲಿ ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದ್ರೆ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ. ಈ ಸೋಮವಾರ ಐದು ಗಂಟೆಗೆ ನೀರು ತುಂಬಿ ನಿಮ್ಮ ಕಾಲ ಬುಡಕ್ಕೆ ಬಂದಿದ್ರೆ, ಮುಂದಿನ ಸೋಮವಾರ ಅದೇ ಐದಕ್ಕೆ ನೀರು ದೂರ ಹೋಗಿ ಒದ್ದೆ ಮರಳಿನ ಬಯಲೇ ಬಿಚ್ಚಿಕೊಂಡಿರುತ್ತೆ. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸು ಕಮ್ಮಿ. ನಿಮ್ಮ ಒಂದು ತಿಂಗಳಲ್ಲಿ ಈ ಚಕ್ರ ಎರಡು ಸಲ ಸುತ್ತಿದೆ. ನೀವು ಒಂದೇ ಕಡೆ ಕೂತು ಒಂದೇ ಕಡೆ ನೋಡ್ತಾ ಇದ್ರೆ ಅದು ಗೊತ್ತಾಗಲ್ಲ.

ಇಳಿತದ ದಿನ ಕೂರಬೇಡಿ, ನಡೀರಿ.

ರಾತ್ರಿಪಾಳಿ
ಸರ್, ಮೊದಲು ಒಂದು ಮಾತು. ನಾನು ನರ್ಸ್, ಹದಿನಾಲ್ಕು ವರ್ಷದಿಂದ. ದಿನಾ ಹೊತ್ತಿಗೆ ಮುಂಚೆ ಎಚ್ಚರ ಆಗಿ ಮತ್ತೆ ನಿದ್ದೆ ಬರದೇ ಇರೋದು ಖಿನ್ನತೆಯ ಲಕ್ಷಣಗಳಲ್ಲೂ ಒಂದು. ನಿಮ್ಮದು ಆರು ವರ್ಷದ ರೂಢಿಯೇ ಇರಬಹುದು. ಆದರೆ ಹಸಿವು ಹೋಗಿದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಿದ್ರೆ ಒಬ್ಬ ವೈದ್ಯರಿಗೆ ತೋರಿಸಿ. ಕಡಲಿಗೂ ಹೋಗಿ, ಅವರ ಹತ್ತಿರವೂ ಹೋಗಿ.

ಬೆಳಗಿನ ಹೊತ್ತು ಯಾಕೆ ಕೆಲಸ ಮಾಡುತ್ತೆ ಅಂತ ನನಗೆ ಗೊತ್ತಿರೋದು ಹೇಳ್ತೀನಿ. ನಮ್ಮ ಕಣ್ಣಲ್ಲಿ ನೋಡೋಕೆ ಬೇಕಾದ ಜೀವಕೋಶಗಳಲ್ಲದೆ ಇನ್ನೊಂದು ಬಗೆಯವೂ ಇವೆ. ಅವು ಬೆಳಕಿನ ಪ್ರಮಾಣವನ್ನ ಅಳೆದು ಮೆದುಳಿನ ಗಡಿಯಾರಕ್ಕೆ ಹೇಳ್ತವೆ. 480 ನ್ಯಾನೋಮೀಟರ್ ಸುತ್ತಮುತ್ತಲ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸ್ತವೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಮೋಡ ಇದ್ರೂ ಹೊರಗೆ ಸಾವಿರ ದಾಟುತ್ತೆ, ಕಡಲ ತೀರದಲ್ಲಿ ತಡೆಯೋಕೆ ಮರ ಗೋಡೆ ಏನೂ ಇಲ್ಲ. ಈ ದೇಹದ ಗಡಿಯಾರ ಒಳಗೆ ಹೇಗೆ ನಡೆಯುತ್ತೆ ಅಂತ ಕಂಡುಹಿಡಿದಿದ್ದಕ್ಕೇ 2017ರಲ್ಲಿ ಮೂವರಿಗೆ ವೈದ್ಯಕೀಯ ನೊಬೆಲ್ ಬಂತು.

ಸಂಶಯ_ಪ್ರಾಣಿ
ಮೇಡಂ, ನೀವು ಹೇಳಿದ್ದು ಸರಿ, ಆದರೆ ಇವರ ವಿಷಯದಲ್ಲಿ ಅದು ಉಲ್ಟಾ ಹೊಡೆಯಬಹುದು. ಬೆಳಗಿನ ಜೋರು ಬೆಳಕು ದೇಹದ ಗಡಿಯಾರವನ್ನ ಇನ್ನೂ ಮುಂಚಿತಕ್ಕೆ ತಳ್ಳುತ್ತೆ. ತಡವಾಗಿ ಏಳೋರಿಗೆ ಅದು ಒಳ್ಳೇದು. ನಾಲ್ಕೂವರೆಗೇ ಏಳೋರಿಗೆ ಸಂಜೆ ಬೆಳಕು ಹೆಚ್ಚು ಬೇಕು.

ರಾತ್ರಿಪಾಳಿ
ಹೌದು, ಒಪ್ಪಿದೆ. ನಾನು ಅದನ್ನ ಹೇಳಬೇಕಿತ್ತು. ಉಪ್ಪುಗಾಳಿ ಸರ್, ಸಂಜೆಯೂ ಒಂದು ಸುತ್ತು ಹಾಕಿ.

ತಂಗಾಳಿ
ಯಾಕಿಷ್ಟು ವಿಜ್ಞಾನ? ಅಲೆ ಒಡೆಯುವ ಜಾಗದ ಗಾಳಿಯಲ್ಲಿ ಋಣ ಅಯಾನುಗಳು, ಅಂದ್ರೆ ಋಣ ವಿದ್ಯುದಾವೇಶದ ಸಣ್ಣ ಕಣಗಳು ಇರ್ತವೆ, ಅವು ಮನಸ್ಸನ್ನ ತಿಳಿ ಮಾಡ್ತವೆ. ಎಲ್ಲರಿಗೂ ಗೊತ್ತಿರೋದೇ.

ಸಂಶಯ_ಪ್ರಾಣಿ
ಅಯಾನು ಇರೋದು ನಿಜ. ನೀರು ಸಿಡಿದಾಗ ಸುತ್ತಲ ಗಾಳಿಗೆ ವಿದ್ಯುದಾವೇಶ ಬರುತ್ತೆ ಅಂತ ಲೆನಾರ್ಡ್ ಅನ್ನೋ ಭೌತವಿಜ್ಞಾನಿ 1892ರಲ್ಲೇ ಜಲಪಾತಗಳ ಹತ್ತಿರ ನೋಡಿ ಬರೆದಿದ್ದರು. ಮನಸ್ಸು ತಿಳಿಯಾಗುತ್ತೆ ಅನ್ನೋ ಭಾಗಕ್ಕೆ ಆಧಾರ ತೀರಾ ತೆಳು. 2013ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆತಂಕದ ಮೇಲಾಗಲಿ ನಿದ್ದೆಯ ಮೇಲಾಗಲಿ ಸ್ಥಿರವಾದ ಪರಿಣಾಮ ಕಾಣಲಿಲ್ಲ.

ಇನ್ನೊಂದು ಸುದ್ದಿ ಎಲ್ಲರೂ ಹಂಚ್ತಾರೆ: ವಾರಕ್ಕೆ 120 ನಿಮಿಷ ಪ್ರಕೃತಿಯಲ್ಲಿದ್ರೆ ಆರೋಗ್ಯ ಅಂತ. ಅದು 2019ರ ಅಧ್ಯಯನ, ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ. ಹೊರಗೆ ಹೋಗೋರು ಹೆಚ್ಚು ಆರೋಗ್ಯವಾಗಿದ್ದಾರೆ ಅಂತ ಅದು ಹೇಳುತ್ತೆ. ಆರೋಗ್ಯವಾಗಿರೋರೇ ಹೆಚ್ಚು ಹೊರಗೆ ಹೋಗ್ತಿರಬಹುದು, ಅಲ್ವಾ? ಕಡಲಿಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಔಷಧಿ ಅಂತ ನಂಬಿ ಹೋದವರಿಗೆ, ಕೆಲಸ ಮಾಡದ ದಿನ ತಮ್ಮಲ್ಲೇ ಏನೋ ಕೆಟ್ಟಿದೆ ಅನ್ನಿಸಿಬಿಡುತ್ತೆ. ಉಪ್ಪುಗಾಳಿಯವರಿಗೆ ಆಗಿರೋದು ಅದೇ ಅಂತ ನನಗನ್ನಿಸುತ್ತೆ.

ಉಪ್ಪುಗಾಳಿ
ಕೊನೇ ಸಾಲು ಎದೆಗೆ ನಾಟಿತು ಸರ್. ಹೌದು. ಈಗೀಗ ಹೋಗುವಾಗಲೇ "ಇವತ್ತಾದರೂ ಆಗುತ್ತಾ" ಅಂತ ನೋಡ್ತಾ ಹೋಗ್ತೀನಿ.

ಮೂಡಣ
ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಹೋಗಿ, ಸೂರ್ಯ ಬಂದ ಕೂಡಲೇ ಎದ್ದುಬನ್ನಿ. ಜನ ಎಲ್ಲ ಉಲ್ಟಾ ಮಾಡ್ತಾರೆ, ಸೂರ್ಯ ಬರುವ ಹೊತ್ತಿಗೆ ಬಂದು ಫೋಟೋ ತೆಗೆದು ಹೋಗ್ತಾರೆ. ಅಷ್ಟರಲ್ಲಿ ಚೆಂದದ್ದೆಲ್ಲ ಮುಗಿದಿರುತ್ತೆ. ಸೂರ್ಯ ದಿಗಂತಕ್ಕಿಂತ 12 ಡಿಗ್ರಿ ಕೆಳಗಿರುವಾಗ ನೀರು ಯಾವುದು ಆಕಾಶ ಯಾವುದು ಅಂತ ಬೇರೆ ಕಾಣೋಕೆ ಶುರುವಾಗುತ್ತೆ, 6 ಡಿಗ್ರಿಗೆ ಬಂದರೆ ನಿಮ್ಮ ಕೈ ರೇಖೆ ಕಾಣುತ್ತೆ. ನಮ್ಮ ಅಕ್ಷಾಂಶಗಳಲ್ಲಿ ಈ ಎರಡರ ನಡುವೆ ಇಪ್ಪತ್ತೈದು ನಿಮಿಷ. ಬಣ್ಣ ಎಲ್ಲ ಬದಲಾಗೋದು ಅಲ್ಲಿ.

ಇನ್ನೊಂದು. ನೀರಂಚಿಗೆ ತಾಗಿದ ಹಾಗೆ ಕಾಣೋ ಸೂರ್ಯ ಆ ಕ್ಷಣಕ್ಕೆ ನಿಜವಾಗಿ ಇನ್ನೂ ದಿಗಂತದ ಕೆಳಗೇ ಇರ್ತಾನೆ. ಗಾಳಿಯ ಪದರ ಬೆಳಕನ್ನ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಗ್ಗಿಸುತ್ತೆ, ಸೂರ್ಯನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಇದು ಗೊತ್ತಾದ ದಿನದಿಂದ ನಾನು ಒಂದು ಬೆಳಗನ್ನೂ ಸುಮ್ಮನೆ ನೋಡಿಲ್ಲ.

ಪಡುವಣ
ಅಲ್ಲ ಮಾರಾಯ್ರೆ, ಎಲ್ಲರ ಕಡಲೂ ಪೂರ್ವಕ್ಕೇ ಉಂಟಾ? ನಮ್ಮದು ಪಶ್ಚಿಮ. ಸೂರ್ಯ ಬೆನ್ನ ಹಿಂದೆ ಮನೆಗಳ ಮೇಲೆ ಹುಟ್ಟುವುದು. ಈ ಸೂರ್ಯೋದಯದ ಮಾತು ಕೇಳಿ ಕೇಳಿ ನಮ್ಮ ಬೆಳಗು ಏನೋ ಎರಡನೇ ದರ್ಜೆಯದ್ದು ಅಂತ ಜನ ತಿಳಿದಿದ್ದಾರೆ.

ಪಶ್ಚಿಮದವರು ಬೇಗ ಹೋಗಿ ನೀರಿನ ಕಡೆಗೇ ನೋಡಿ. ಸೂರ್ಯ ಹುಟ್ಟುವ ಮೊದಲು ಕಡಲ ಅಂಚಲ್ಲಿ ಬೂದಿ ಬೆರೆತ ನೀಲಿಯ ಒಂದು ಪಟ್ಟಿ ಮಲಗಿರ್ತದೆ. ಅದರ ಮೇಲೆ ತೆಳು ಗುಲಾಬಿ. ಆ ನೀಲಿ ಪಟ್ಟಿ ಮೋಡ ಅಲ್ಲ, ಭೂಮಿಯ ನೆರಳು. ನಾವು ನಿಂತ ಭೂಮಿಯದ್ದೇ ನೆರಳು ಗಾಳಿಯ ಮೇಲೆ ಬಿದ್ದದ್ದು. ಹಿಂದೆ ಸೂರ್ಯ ಏರಿದ ಹಾಗೆ ಅದು ಮೆಲ್ಲ ನೀರಿನೊಳಗೆ ಇಳಿದು ಹೋಗ್ತದೆ. ಹುಣ್ಣಿಮೆ ಮರುದಿನ ಬೆಳಿಗ್ಗೆ ಬಂದರೆ ಅದೇ ಜಾಗದಲ್ಲಿ ಚಂದ್ರ ಮುಳುಗುವುದೂ ಕಾಣ್ತದೆ.

ಮೂಡಣ
ಪಡುವಣ ಸರ್, ತಪ್ಪಾಯ್ತು. ಭೂಮಿಯ ನೆರಳು ನಾನು ಒಂದೇ ಒಂದು ಸಲ ಬೆಟ್ಟದಿಂದ ನೋಡಿದ್ದು. ನಿಮಗೆ ದಿನಾ ಸಿಗುತ್ತೆ ಅನ್ನೋದು ಹೊಳೆದೇ ಇರಲಿಲ್ಲ.

ಪಡುವಣ
ದಿನಾ ಇಲ್ಲ, ದಿಗಂತದಲ್ಲಿ ಮೋಡ ಇರಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಲ್ಲ.

ಒಂಟಿ_ಹೆಜ್ಜೆ
ಇಲ್ಲಿ ಯಾರೂ ಹೇಳದ ಮಾತು ಒಂದಿದೆ. ನಸುಕಿನಲ್ಲಿ ಕತ್ತಲಿರುವಾಗಲೇ ಹೋಗಿ ಕೂರಿ ಅಂತ ಸಲಹೆ ಕೊಡೋದು ಸುಲಭ. ಹೆಂಗಸರಿಗೆ ಅದು ಹಾಗಿರಲ್ಲ. ನಾನು ಕೂತರೆ ಅರ್ಧ ಗಮನ ಅಲೆಯ ಮೇಲೆ, ಅರ್ಧ ಹಿಂದಿನ ಹೆಜ್ಜೆ ಸದ್ದಿನ ಮೇಲೆ. ನನಗೆ ನೆಮ್ಮದಿ ಬೇಕು ಅಂದ್ರೆ ಮೊದಲು ನಾಲ್ಕು ಲೆಕ್ಕ ಹಾಕಬೇಕು.

ಹೊಸಬ_22
ಅಕ್ಕ, ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗಬಹುದಲ್ವಾ?

ಒಂಟಿ_ಹೆಜ್ಜೆ
ಕರ್ಕೊಂಡು ಹೋದೆ ತಮ್ಮ. ಒಂದೂವರೆ ಗಂಟೆ ಅವಳ ಅತ್ತೆ ಮನೆ ಕಥೆ ಕೇಳಿ ಬಂದೆ. ಪಾಪ ಅವಳಿಗೂ ಹೇಳಿಕೊಳ್ಳೋಕೆ ಜಾಗ ಬೇಕಿತ್ತು, ತಪ್ಪೇನಿಲ್ಲ. ಆಮೇಲೆ ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡ್ವಿ. ಒಟ್ಟಿಗೆ ಹೋಗೋದು, ಒಂದು ಬಂಡೆ ಹತ್ತಿರ ಬೇರೆಯಾಗೋದು. ಅವಳು ಉತ್ತರಕ್ಕೆ, ನಾನು ದಕ್ಷಿಣಕ್ಕೆ, ಆದರೆ ಒಬ್ಬರಿಗೊಬ್ಬರು ಕಣ್ಣಿಗೆ ಕಾಣೋಷ್ಟು ದೂರ ಮಾತ್ರ. ಅರ್ಧ ಗಂಟೆ ಮಾತಿಲ್ಲ. ಮತ್ತೆ ಬಂಡೆ ಹತ್ತಿರ ಸೇರಿ ದಾರಿಯುದ್ದಕ್ಕೂ ಅತ್ತೆ ಕಥೆ. ಎರಡು ವರ್ಷದಿಂದ ಹೀಗೇ ನಡೀತಿದೆ.

ಏಡಿಗೂಡು
ಇದು ತುಂಬಾ ಒಳ್ಳೆ ಉಪಾಯ. ನಮ್ಮನೇಲೂ ಹೇಳ್ತೀನಿ.

ಈಜುಗಾರ_63
ನನ್ನ ಮಟ್ಟಿಗೆ ನೋಡ್ತಾ ಕೂರೋದೆಲ್ಲ ಅರ್ಧ ಅನುಭವ. ನೀರಿಗಿಳಿಯಿರಿ. ಕುತ್ತಿಗೆವರೆಗೂ ಮುಳುಗಿ ನಿಂತರೆ ಯಾವ ಯೋಚನೆಯೂ ಉಳಿಯಲ್ಲ.

ಭರತ_ಇಳಿತ
ದಯವಿಟ್ಟು ಹೀಗೆ ಬರೀಬೇಡಿ ಸರ್. ಬೆಳಗಿನ ಜಾವ ದಡದಲ್ಲಿ ಕಾವಲಿನವರು ಇರಲ್ಲ, ಕೂಗಿದ್ರೂ ಕೇಳೋರಿಲ್ಲ. ಮೇಲಾಗಿ ಆ ಹೊತ್ತಲ್ಲಿ ಕಡಲು ಮೋಸ ಮಾಡುತ್ತೆ. ರಾತ್ರಿ ನೆಲ ನೀರಿಗಿಂತ ಬೇಗ ತಣ್ಣಗಾಗುತ್ತೆ, ಹಾಗಾಗಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತೆ. ನೀರಿನ ಮೈ ನುಣ್ಣಗೆ ಕಾಣುತ್ತೆ. ಸೌಮ್ಯವಾಗಿದೆ ಅಂದ್ಕೊಂಡು ಜನ ಇಳೀತಾರೆ. ಒಳಗಿನ ಸೆಳವು ಹಾಗೇ ಇರುತ್ತೆ.

ಈಜುಗಾರ_63
ನಿಮ್ಮ ಮಾತಿಗೆ ಎದುರಾಡಲ್ಲ. ಬೇಸರ ಆಗೋ ವಿಷಯ ಆದ್ರೂ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಲಿ.

ನಲವತ್ತು ವರ್ಷ ಈಜಿದವನು ನಾನು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಎರಡೂ ಕಡೆ ಅಲೆ ಒಡೀತಿತ್ತು, ನಡುವೆ ಒಂದು ಓಣಿಯಷ್ಟು ಅಗಲ ಅಲೆಯೇ ಇಲ್ಲದೆ ನೀರು ಗಾಢವಾಗಿತ್ತು. ಅಲ್ಲೇ ಇಳಿಯೋದು ಸುಲಭ ಅಂತ ಇಳಿದೆ. ಅದೇ ಸೆಳವು. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ. ಹತ್ತು ಸಲ ಕೈ ಬೀಸುವಷ್ಟರಲ್ಲಿ ದಡ ದೂರ. ನೇರ ದಡದ ಕಡೆ ಈಜಿ ಈಜಿ ಉಸಿರು ಕಟ್ಟಿತು. ಆಮೇಲೆ ಬುದ್ಧಿ ಬಂದು ಅಂಗಾತ ತೇಲಿದೆ, ಸುಧಾರಿಸಿಕೊಂಡು ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿದೆ, ಅಲೆ ಒಡೆಯೋ ಜಾಗ ಸಿಕ್ಕಿತು, ಅದೇ ನನ್ನ ತಳ್ಳಿಕೊಂಡು ಬಂತು. ಬಟ್ಟೆ ಇಟ್ಟ ಜಾಗದಿಂದ ಮುನ್ನೂರು ಮೀಟರ್ ಆಚೆ ಬಂದು ಬಿದ್ದೆ. ಜೋರಿರೋ ಸೆಳವು ಸೆಕೆಂಡಿಗೆ ಎರಡೂವರೆ ಮೀಟರ್‌ವರೆಗೂ ಹೋಗುತ್ತಂತೆ, ಯಾವ ಈಜುಗಾರನೂ ಎದುರಿಸೋಕಾಗಲ್ಲ.

ಈಗ ಒಬ್ಬನೇ ಇಳಿಯಲ್ಲ. ನೀವೂ ಇಳೀಬೇಡಿ. ಮೇಲೆ ಬರೆದಿದ್ದನ್ನ ವಾಪಸ್ ತಗೊಳ್ತೀನಿ.

ಭರತ_ಇಳಿತ
ದೊಡ್ಡ ಮಾತು ಸರ್. ಇದನ್ನ ಓದಿ ಒಬ್ಬ ಉಳಿದ್ರೂ ಸಾಕು.

ಏಡಿಗೂಡು
ಉಪ್ಪುಗಾಳಿಯವರ ಪ್ರಶ್ನೆಗೆ ಬರ್ತೀನಿ. "ಅಲ್ಲಿ ಹೋಗಿ ಏನು ಮಾಡ್ತೀರಿ?" ನಾನು ಬಗ್ಗಿ ನೋಡ್ತೀನಿ.

ನೀರು ಇಳಿದ ಮೇಲೆ ಒದ್ದೆ ಮರಳಿನ ಮೇಲೆ ಸಾಸಿವೆಯಿಂದ ಬಟಾಣಿವರೆಗಿನ ಗಾತ್ರದ ಮರಳುಂಡೆಗಳು ಸಾಲುಸಾಲಾಗಿ ಬಿದ್ದಿರೋದು ನೋಡಿರ್ತೀರಿ. ಉಷ್ಣವಲಯದ ಎಷ್ಟೋ ತೀರಗಳಲ್ಲಿ ಇವೆ. ಉಗುರಿನಷ್ಟು ಪುಟ್ಟ ಏಡಿಯ ಕೆಲಸ ಅದು. ಬಿಲದಿಂದ ಹೊರಗೆ ಬಂದು ಮರಳನ್ನ ಬಾಯಿಗೆ ತುಂಬಿಕೊಳ್ಳುತ್ತೆ, ಕಣಗಳಿಗೆ ಅಂಟಿದ ಪಾಚಿ ಗೀಚಿ ಎಲ್ಲ ಸೋಸಿ, ಉಳಿದ ಮರಳನ್ನ ಉಂಡೆ ಮಾಡಿ ಹಿಂದಕ್ಕೆ ಒಗೆಯುತ್ತೆ. ಬಿಲ ನಡುವೆ ಇರುತ್ತೆ, ಉಂಡೆಗಳ ಸಾಲು ಸುತ್ತ ಕಿರಣಗಳ ಹಾಗೆ ಹರಡಿರುತ್ತೆ. ನೀರು ವಾಪಸ್ ಬರೋವರೆಗೆ ಮಾತ್ರ ಸಮಯ. ಭರತ ಬಂದರೆ ಎಲ್ಲ ಅಳಿಸಿಹೋಗುತ್ತೆ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿಂದ.

ಹತ್ತಿರ ಹೋದ್ರೆ ಸರಕ್ಕನೆ ಒಳಗೆ ಹೋಗ್ತವೆ. ಮಿಸುಕಾಡದೆ ಐದು ನಿಮಿಷ ಕುಕ್ಕರಗಾಲಲ್ಲಿ ಕೂರಿ, ಮೊದಲು ಕಣ್ಣಿನ ಕಡ್ಡಿ ಎರಡು ಮೇಲೆ ಬರ್ತವೆ. ಆ ಐದು ನಿಮಿಷದಲ್ಲಿ ನನಗೆ ನನ್ನ ಯಾವ ಚಿಂತೆಯೂ ನೆನಪಿಗೆ ಬಂದಿದ್ದಿಲ್ಲ. ಮನಸ್ಸು ಖಾಲಿ ಮಾಡ್ಕೊಬೇಕು ಅಂತ ಕೂತಾಗ ಮಾತ್ರ ಎಲ್ಲ ಬಂದು ಮುತ್ತಿಕೊಳ್ಳುತ್ತೆ.

ತಂಗಾಳಿ
ಅಯಾನು ವಿಷಯದಲ್ಲಿ ಇನ್ನೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಇರಲಿ. ಅಲೆ ಸದ್ದಿನ ಬಗ್ಗೆ ಯಾರಾದ್ರೂ ಹೇಳ್ತೀರಾ? ನಾನು ಕಣ್ಣು ಮುಚ್ಚಿ ಕೇಳೋದೇ ಹೆಚ್ಚು.

ಸಂಶಯ_ಪ್ರಾಣಿ
ಇದನ್ನ ಸಂತೋಷದಿಂದ ಹೇಳ್ತೀನಿ. ಅಲೆ ಒಡೆದಾಗ ಗಾಳಿ ನೀರಿನೊಳಗೆ ಸಿಕ್ಕಿ ಕೋಟಿಗಟ್ಟಲೆ ಗುಳ್ಳೆ ಆಗುತ್ತೆ, ಒಂದೊಂದು ಗುಳ್ಳೆಯೂ ಪುಟ್ಟ ಗಂಟೆಯ ಹಾಗೆ ಕಂಪಿಸುತ್ತೆ. ಮಿನ್ನಾರ್ಟ್ ಅನ್ನೋ ವಿಜ್ಞಾನಿ 1933ರಲ್ಲಿ ಇದರ ಲೆಕ್ಕ ಕೊಟ್ಟರು. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,000 ಸಲ. ದೊಡ್ಡ ಗುಳ್ಳೆಗೆ ದಪ್ಪ ಸ್ವರ, ಸಣ್ಣದಕ್ಕೆ ತೆಳು ಸ್ವರ. ಮೊದಲು ಗುಡುಗು, ಆಮೇಲೆ ಸುಯ್ ಅಂತ ಇಳಿಯೋದು, ಕೊನೆಗೆ ಮರಳಲ್ಲಿ ನೊರೆ ಚಿಟಿಚಿಟಿ ಅನ್ನೋದು. ಮೂರನ್ನೂ ಬೇರೆಬೇರೆಯಾಗಿ ಕೇಳಿ ನೋಡಿ.

ದೂರದಿಂದ ಬರೋ ಅಲೆಗಳ ನಡುವೆ ಹತ್ತು ಸೆಕೆಂಡ್ ಅಂತರ ಇರೋದು ಸಾಮಾನ್ಯ. ಉಸಿರನ್ನ ಅದಕ್ಕೆ ಹೊಂದಿಸಿದ್ರೆ ನಿಮಿಷಕ್ಕೆ ಆರು ಉಸಿರು. ನಿಧಾನ ಉಸಿರಾಟದಿಂದ ಎದೆಬಡಿತ ಹೇಗೆ ಬದಲಾಗುತ್ತೆ ಅಂತ ನೋಡೋ ಅಧ್ಯಯನಗಳಲ್ಲಿ ಬಳಸೋದೂ ಹೆಚ್ಚುಕಮ್ಮಿ ಅದೇ ವೇಗ. ಇದನ್ನ ನಾನೇ ಮಾಡ್ತೀನಿ.

ತಂಗಾಳಿ
ನೀವೂ ಮಾಡ್ತೀರಾ! ಸರಿ, ಅಯಾನು ಬಿಟ್ಟುಕೊಟ್ಟೆ.

ಮರಳಗೆರೆ
ಒಂದು ಚೀಲ ತಗೊಂಡು ಹೋಗಿ. ನಾನು ಬಾಟಲಿ, ಹರಿದ ಬಲೆ ಆರಿಸ್ತಾ ನಡೀತೀನಿ.

ಮೂಡಣ
ನನಗೆ ಅದು ಆಗಲ್ಲ. ಒಂದು ಸಲ ಕಸ ಕಣ್ಣಿಗೆ ಬಿತ್ತು ಅಂದ್ರೆ ಬೇರೇನೂ ಕಾಣಲ್ಲ, ಸಿಟ್ಟು ಹೊತ್ತುಕೊಂಡು ಮನೆಗೆ ಬರ್ತೀನಿ.

ಮರಳಗೆರೆ
ಎರಡು ವರ್ಷ ನನಗೂ ಸಿಟ್ಟೇ ಬರ್ತಿತ್ತು. ಆದರೂ ಬಲೆಯ ತುಂಡನ್ನ ಅಲ್ಲೇ ಬಿಟ್ಟು ಸೂರ್ಯನ್ನ ನೋಡೋಕೆ ನನ್ನಿಂದಾಗಲ್ಲ. ಅಂದಹಾಗೆ, ಆಮೆ ಮೊಟ್ಟೆಯಿಡೋ ತೀರ ಆದ್ರೆ ಟಾರ್ಚ್ ಹಚ್ಚಬೇಡಿ. ಮರಿಗಳು ಬೆಳಕಿರೋ ದಿಗಂತವನ್ನೇ ಕಡಲು ಅಂದ್ಕೊಂಡು ಹೊರಡ್ತವೆ, ನಿಮ್ಮ ಟಾರ್ಚ್ ಕಡೆ ತಿರುಗಿಬಿಡ್ತವೆ.

ಏಡಿಗೂಡು
ಇನ್ನೊಂದು ನೆನಪಾಯ್ತು. ಒದ್ದೆ ಮರಳಲ್ಲಿ ಬರಿಗಾಲಲ್ಲಿ ನಿಧಾನ ನಡೀವಾಗ ಪಾದದ ಸುತ್ತ ನೋಡಿ. ಹೆಜ್ಜೆ ಊರಿದ ಕೂಡಲೇ ಸುತ್ತಲ ಮರಳು ಒಣಗಿದ ಹಾಗೆ ಬೆಳ್ಳಗಾಗುತ್ತೆ. ಒತ್ತಿದಾಗ ನೀರು ಹೊರಗೆ ಬರಬೇಕು ಅಂತ ನಾವು ಅಂದ್ಕೋತೀವಿ, ಆಗೋದು ಬೇರೆ. ಒತ್ತೊತ್ತಾಗಿ ಕೂತಿದ್ದ ಕಣಗಳು ಜರುಗಿ ನಡುವೆ ಜಾಗ ಜಾಸ್ತಿಯಾಗುತ್ತೆ, ಮೇಲಿನ ನೀರು ಒಳಗೆ ಇಳಿಯುತ್ತೆ. ಕಾಲೆತ್ತಿದ್ರೆ ಮತ್ತೆ ಒಸರುತ್ತೆ. ರೆನಾಲ್ಡ್ಸ್ ಅನ್ನೋ ವಿಜ್ಞಾನಿ 1885ರಲ್ಲಿ ಇದನ್ನ ವಿವರಿಸಿದ್ದು.

ಹೊಸಬ_22
ಇಷ್ಟು ವರ್ಷ ಅದರ ಮೇಲೆ ನಡೆದಿದೀನಿ, ಒಂದು ಸಲವೂ ನೋಡಿಲ್ಲ.

ಉಪ್ಪುಗಾಳಿ
ಒಂಬತ್ತು ದಿನ ಆದ ಮೇಲೆ ಬರೀತಿದೀನಿ. ಮೇಡಂ ಹೇಳಿದ ಹಾಗೆ ವೈದ್ಯರನ್ನ ಕಂಡೆ, ಮಾತಾಡಿದ್ವಿ, ಮುಂದಿನ ವಾರ ಮತ್ತೆ ಬರಹೇಳಿದ್ದಾರೆ. ನಾಲ್ಕು ದಿನ ಕಡಲ ಕಡೆ ಹೋಗಲೇ ಇಲ್ಲ. ಸಂಜೆ ಮಾತ್ರ ನಡೆದೆ.

ಇವತ್ತು ಹೋದೆ. ಐದು ಐವತ್ತರ ಹೊತ್ತಿಗೆ ನೀರು ಪೂರ್ತಿ ಇಳಿದಿತ್ತು. ಕೂರಬೇಡಿ ನಡೀರಿ ಅಂದಿದ್ರಲ್ಲ, ಚಪ್ಪಲಿ ಕೈಲಿ ಹಿಡ್ಕೊಂಡು ನಡೆದೆ. ಮರಳು ಬೆಳ್ಳಗಾಗೋದು ನೋಡೋಣ ಅಂತ ಹೆಜ್ಜೆ ಊರಿ ನಿಂತೆ. ಸುತ್ತ ಬೆಳ್ಳಗಾಯ್ತು. ಕಾಲೆತ್ತಿದೆ. ಗುಳಿ ಇತ್ತು, ನಿಧಾನಕ್ಕೆ ನೀರು ಒಸರಿ ತುಂಬಿಕೊಳ್ತು.

ಅಮ್ಮನ ಕಾಲು ಬಾತಿರ್ತಿತ್ತು. ದಿನಾ ಬೆಳಗ್ಗೆ ಮಾತ್ರೆ ಕೊಟ್ಟ ಮೇಲೆ ಪಾದದ ಮೇಲೆ ಹೆಬ್ಬೆರಳಿಂದ ಒತ್ತಿ, ಗುಳಿ ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಎಣಿಸಿ ಬರೆದಿಡೋದು ನನ್ನ ಕೆಲಸ. ಒತ್ತಿದ ಜಾಗ ಹೀಗೇ ಬೆಳ್ಳಗಾಗ್ತಿತ್ತು. ನಾನು ಬಾಯಲ್ಲೇ ಒಂದು ಎರಡು ಮೂರು ಅಂತ ಎಣಿಸ್ತಿದ್ರೆ ಅಮ್ಮನೂ ಜೊತೆಗೆ ಎಣಿಸ್ತಿದ್ದರು.

ಅಲ್ಲೇ ನಿಂತು ಅತ್ತುಬಿಟ್ಟೆ. ಏಳು ತಿಂಗಳಲ್ಲಿ ಮೊದಲ ಸಲ. ಒಂದೊಂದು ಹೆಜ್ಜೆ ಇಟ್ಟು, ಎಣಿಸಿ, ಇಟ್ಟು, ಎಣಿಸಿ, ತಲೆಯೆತ್ತಿ ನೋಡಿದ್ರೆ ಸೂರ್ಯ ಬಂದು ಎಷ್ಟು ಹೊತ್ತಾಗಿತ್ತೋ ಗೊತ್ತೇ ಆಗಲಿಲ್ಲ.

ರಾತ್ರಿಪಾಳಿ
ಸರ್, ಎಷ್ಟು ಕಾಲುಗಳನ್ನ ಹೀಗೆ ಒತ್ತಿ ನೋಡಿದೀನೋ ಲೆಕ್ಕವಿಲ್ಲ. ಯಾರ ಮಗನೂ ಜೊತೆಗೆ ಎಣಿಸಿದ್ದು ಕಂಡಿಲ್ಲ.

ಒಂಟಿ_ಹೆಜ್ಜೆ
ಅಮ್ಮನ ಬಗ್ಗೆ ಇನ್ನೂ ಬರೀರಿ, ಓದ್ತೀವಿ.

ಭರತ_ಇಳಿತ
ಇವತ್ತು ಐದು ಐವತ್ತಕ್ಕೆ ಇಳಿತ ಅಂದ್ರೆ ನಾಳೆ ಆರೂ ನಲವತ್ತರ ಆಸುಪಾಸು, ನಾಡಿದ್ದು ಏಳೂವರೆ. ನಾಲ್ಕೂವರೆಗೆ ಎದ್ದರೂ ಆತುರ ಇಲ್ಲ ಸರ್, ಇನ್ನೊಂದು ಮಗ್ಗುಲು ಹೊರಳಿ ಮಲಗಿ.

ಉಪ್ಪುಗಾಳಿ
ಆರೂ ನಲವತ್ತಕ್ಕೆ ಬರ್ತೀನಿ.